ಡಚ್ ಕಲೆಯಲ್ಲಿ ಸ್ತ್ರೀಯರ ರೂಪಕಭಾವಚಿತ್ರಗಳು

೧

ಹದಿನೇಳನೆಯ ಶತಮಾನದ ಡಚ್ ಚಿತ್ರಕಲೆ ಎಂದೊಡನೆ ಸಾಮಾನ್ಯವಾಗಿ ನಮ್ಮ ಕಣ್ಣಮುಂದೆ ನಿಲ್ಲುವುದು ಕಂಡುದನ್ನು ಕಂಡಂತೆ ಬರೆದ ಒಂದು ಕಲಾಪರಂಪರೆ. ಕಿಟಕಿಯ ಬೆಳಕಿನಲ್ಲಿ ಪತ್ರವನ್ನು ಓದುತ್ತಿರುವ ಹೆಂಗಸು, ಇಟ್ಟಿಗೆ ಹಾಸಿದ ಅಂಗಳ, ತಗ್ಗುನೆಲದ ಮೇಲೆ ಹಬ್ಬಿದ ವಿಶಾಲವಾದ ಆಕಾಶ, ತಟ್ಟೆಯಲ್ಲಿ ಅರ್ಧ ಸುಲಿದಿಟ್ಟ ನಿಂಬೆಯ ಹಣ್ಣು ಇವೇ ಆ ಕಲೆಯ ಸರ್ವಸ್ವವೆಂದು ಎಣಿಸುವುದು ರೂಢಿಯಾಗಿದೆ. ಫ್ರಾನ್ಸಿನ ಚಿತ್ರಕಾರನೂ ವಿಮರ್ಶಕನೂ ಆಗಿದ್ದ ಯೂಜೀನ್ ಫ್ರೋಮಾಂತ್ಯಾಂ ೧೮೭೬ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಡಚ್ ಕಲೆಯೆಂಬುದು ಆ ನಾಡಿನ ಭಾವಚಿತ್ರವೇ ಹೊರತು ಬೇರೆಯಲ್ಲವೆಂಬ ಅಭಿಪ್ರಾಯವನ್ನು ಪ್ರತಿಪಾದಿಸಿದ. ಆ ಅಭಿಪ್ರಾಯದ ಪ್ರಭಾವ ಇಂದಿಗೂ ಅಳಿದಿಲ್ಲ.

ಆದರೆ ಅದೇ ನಾಡಿನ, ಅದೇ ಕಾಲದ ಚಿತ್ರಕಾರರು ಬರೆದ ಮತ್ತೊಂದು ಬಗೆಯ ಕೃತಿಗಳು ಈ ಅಭಿಪ್ರಾಯಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅವುಗಳಲ್ಲಿ ವರ್ತಕನ ಮಗಳು ಮಿನರ್ವ ದೇವಿಯಾಗಿ ಕುಳಿತಿದ್ದಾಳೆ. ರಾಜಕುಮಾರಿಯೊಬ್ಬಳು ಕುರಿ ಕಾಯುವವಳಾಗಿ ಕೋಲು ಹಿಡಿದಿದ್ದಾಳೆ. ಚಿತ್ರಕಾರನ ಹೆಂಡತಿ ಹೂವಿನ ಕಿರೀಟವನ್ನು ಧರಿಸಿ ವಸಂತದೇವತೆಯಾಗಿದ್ದಾಳೆ. ಮುಖ ಮಾತ್ರ ನೆರೆಮನೆಯವರು ಗುರುತಿಸಬಲ್ಲ ಮುಖ. ಉಡುಗೆ ತೊಡುಗೆಗಳು ಪುರಾಣದಿಂದಲೋ ಬೈಬಲ್ಲಿನಿಂದಲೋ ಗೋಪಜೀವನದ ಕಾವ್ಯದಿಂದಲೋ ಎರವಲಾಗಿ ಬಂದವು. ಇಂಥ ಚಿತ್ರಗಳನ್ನು ಕಲಾಚರಿತ್ರಕಾರರು ಫ್ರೆಂಚ್ ಭಾಷೆಯಲ್ಲಿ ‘ಪೋರ್ತ್ರೇ ಇಸ್ತೋರ್ಯೇ’ ಎಂದು ಕರೆಯುತ್ತಾರೆ. ಕಥೆಯನ್ನು ಹೊದಿಸಿದ ಭಾವಚಿತ್ರ ಎಂದು ಅದರ ತಾತ್ಪರ್ಯ. ಈ ಲೇಖನದಲ್ಲಿ ನಾವು ಅವನ್ನು ರೂಪಕಭಾವಚಿತ್ರಗಳೆಂದು ಕರೆಯೋಣ.

ಈ ಚಿತ್ರಗಳ ಬಗೆಗೆ ವಿಮರ್ಶಕರಲ್ಲಿ ಬಹುಕಾಲ ಒಂದು ಬಗೆಯ ಸಂಕೋಚವಿತ್ತು. ಇವು ಇಟಲಿಯ ಅನುಕರಣೆ, ಆಸ್ಥಾನದ ಶೋಕಿ, ಹಣವಂತರ ಮುಖಸ್ತುತಿ ಎಂದು ಬದಿಗಿಟ್ಟವರೇ ಹೆಚ್ಚು. ೧೯೬೭ರಲ್ಲಿ ರೋಜ್ ವಿಷ್ನೆವ್ಸ್ಕಿ ಎಂಬ ವಿದುಷಿ ಮ್ಯೂನಿಕ್ ವಿಶ್ವವಿದ್ಯಾನಿಲಯದ ತಮ್ಮ ಪ್ರಬಂಧದಲ್ಲಿ ಈ ಪ್ರಕಾರವನ್ನೇ ವಿಷಯವಾಗಿ ತೆಗೆದುಕೊಂಡ ಮೇಲೆ ಇದರ ಅಧ್ಯಯನಕ್ಕೆ ಒಂದು ನೆಲೆ ದೊರೆಯಿತು. ಆದರೂ ಇವುಗಳಲ್ಲಿ ಒಳ್ಳೆಯದಾವುದು, ಬರಿಯ ವೇಷವಾವುದು ಎಂದು ನಿರ್ಣಯಿಸಲು ಒರೆಗಲ್ಲು ಯಾವುದು ಎಂಬ ಪ್ರಶ್ನೆ ಉಳಿದೇ ಇದೆ. ಆ ಪ್ರಶ್ನೆಯನ್ನು ಸ್ತ್ರೀಯರ ಚಿತ್ರಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಇಲ್ಲಿಯ ಉದ್ದೇಶ.

೨

ರೂಪಕ ಎಂಬ ಮಾತನ್ನು ಇಲ್ಲಿ ಬೇಕೆಂದೇ ಆಯ್ದುಕೊಂಡಿದೆ. ನಮ್ಮ ಆಲಂಕಾರಿಕರು ರೂಪಕಕ್ಕೂ ಅತಿಶಯೋಕ್ತಿಗೂ ತೋರಿಸಿರುವ ಭೇದ ಈ ವಿಷಯದಲ್ಲಿ ತುಂಬ ಪ್ರಯೋಜನಕಾರಿಯಾಗಿದೆ. ರೂಪಕದಲ್ಲಿ ಉಪಮೇಯ, ಉಪಮಾನ ಎರಡೂ ನಮ್ಮ ಕಣ್ಣಮುಂದಿರುತ್ತವೆ. ಎರಡಕ್ಕೂ ಅಭೇದವನ್ನು ಹೇಳಲಾಗುತ್ತದೆ. ಅತಿಶಯೋಕ್ತಿಯ ಒಂದು ಪ್ರಭೇದದಲ್ಲಾದರೋ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ, ಉಳಿಯುವುದು ಉಪಮಾನವೊಂದೇ.

ಇದನ್ನು ಚಿತ್ರಗಳಿಗೆ ಅನ್ವಯಿಸಿ ನೋಡಬಹುದು. ವಿಯೆನ್ನದಲ್ಲಿರುವ, ‘ಚಿತ್ರಕಲೆ’ ಎಂದು ಹೆಸರಾದ ವರ್ಮೀರನ ಕೃತಿಯಲ್ಲಿ ಲಾರೆಲ್ ಎಲೆಗಳ ಕಿರೀಟವನ್ನಿಟ್ಟು, ಒಂದು ಕೈಯಲ್ಲಿ ಕಹಳೆಯನ್ನೂ ಇನ್ನೊಂದರಲ್ಲಿ ಗ್ರಂಥವನ್ನೂ ಹಿಡಿದು ನಿಂತವಳು ಇತಿಹಾಸದ ಅಧಿದೇವತೆಯಾದ ಕ್ಲಿಯೊ. ಆಕೆಗೆ ರೂಪದರ್ಶಿಯಾಗಿ ನಿಂತ ಹುಡುಗಿ ಯಾರಾದರೇನು, ಅರ್ಥಕ್ಕೆ ಅದರಿಂದ ಕುಂದಿಲ್ಲ. ನ್ಯೂಯಾರ್ಕಿನಲ್ಲಿರುವ ಅವನ ‘ಶ್ರದ್ಧೆ’ಯ ಚಿತ್ರದಲ್ಲಿ ಭೂಗೋಳದ ಮೇಲೆ ಪಾದವನ್ನಿಟ್ಟು ಕುಳಿತವಳ ವಿಷಯವೂ ಹೀಗೆಯೇ. ಇವು ಉಪಮೇಯ ನಿಗೀರ್ಣವಾದ ಚಿತ್ರಗಳು. ರೂಪಕಭಾವಚಿತ್ರದ ಮರ್ಯಾದೆ ಬೇರೆ. ಅಲ್ಲಿ ವ್ಯಕ್ತಿ ಕರಗಿಹೋದರೆ ಚಿತ್ರ ಬರೆಸಿದ ಉದ್ದೇಶವೇ ಕೆಡುತ್ತದೆ. ದೇವತೆ ಮರೆಯಾದರೆ ಉಳಿಯುವುದು ಸಾಮಾನ್ಯ ಭಾವಚಿತ್ರ. ಎರಡೂ ಉಳಿದು, ಒಂದು ಮತ್ತೊಂದನ್ನು ಬೆಳಗಬೇಕು. ಪಂಪನು ಅರಿಕೇಸರಿಯನ್ನು ಅರ್ಜುನನಲ್ಲಿ ಸಮೀಕರಿಸಿದ ಕಾವ್ಯವನ್ನು ಓದಿದವರಿಗೆ ಈ ಕಾರ್ಯದ ಸೊಗಸೂ ಕಷ್ಟವೂ ಅಪರಿಚಿತವಲ್ಲ. ಸಮೀಕರಣ ಎಲ್ಲಿ ಹೊಂದುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಗಮನಿಸುವುದೇ ಅಲ್ಲಿಯಂತೆ ಇಲ್ಲಿಯೂ ವಿಮರ್ಶೆಯ ಕೆಲಸ.

೩

ಈ ಪ್ರಕಾರಕ್ಕೆ ಹಾಲೆಂಡಿನಲ್ಲಿ ಬಳಕೆ ಬಂದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು ಆಸ್ಥಾನ. ಆ ದೇಶ ಗಣರಾಜ್ಯವಾಗಿದ್ದರೂ ಹೇಗ್ ನಗರದಲ್ಲಿ ಆರೆಂಜ್ ಮನೆತನದ ಫ್ರೆಡರಿಕ್ ಹೆಂಡ್ರಿಕನೂ ಅವನ ಪತ್ನಿ ಅಮಾಲಿಯಾ ಫಾನ್ ಸೋಲ್ಮ್ಸಳೂ ರಾಜವೈಭವದಿಂದಲೇ ಇದ್ದರು. ಬೊಹೀಮಿಯದ ಸಿಂಹಾಸನವನ್ನು ಕಳೆದುಕೊಂಡ ರಾಣಿ ಎಲಿಜಬೆತ್ ಸ್ಟುವರ್ಟ್ ೧೬೨೧ರಿಂದ ಅಲ್ಲಿಯೇ ಆಶ್ರಯ ಪಡೆದಿದ್ದಳು. ಇಟಲಿಯಲ್ಲಿ ಕಲಿತು ಬಂದ ಯೂಟ್ರೆಕ್ಟಿನ ಗೆರಾರ್ಡ್ ಫಾನ್ ಹಾಂಟ್‌ಹಾರ್ಸ್ಟ್ ಈ ಎರಡು ಆಸ್ಥಾನಗಳಿಗೂ ಬೇಕಾದ ಚಿತ್ರಕಾರನಾದ. ದೇವತೆಗಳ ವೇಷದಲ್ಲಿ ರಾಜಸ್ತ್ರೀಯರನ್ನು ಬರೆಯುವ ಪದ್ಧತಿ ಆತನ ಕೈಯಲ್ಲಿ ನೆಲೆಗೊಂಡಿತು.

ಎರಡನೆಯದು ಗೋಪಜೀವನದ ಸಾಹಿತ್ಯ. ಪಿ. ಸಿ. ಹೋಫ್ಟ್ ಕವಿ ೧೬೦೫ರಲ್ಲಿ ಬರೆದ ‘ಗ್ರನೀಡ’ ನಾಟಕದಲ್ಲಿ ಬೇಟೆಯಲ್ಲಿ ದಾರಿತಪ್ಪಿದ ರಾಜಕುಮಾರಿ ಕುರುಬನೊಬ್ಬನನ್ನು ಕಂಡು ಪ್ರೇಮಿಸುತ್ತಾಳೆ. ಈ ಕಥೆಯನ್ನು ಹಾಂಟ್‌ಹಾರ್ಸ್ಟ್ ೧೬೨೫ರಲ್ಲಿ ಚಿತ್ರಿಸಿದ. ಯೂಟ್ರೆಕ್ಟಿನವನೇ ಆದ ಪೌಲಸ್ ಮೋರೇಲ್ಸ ಹುಲ್ಲುಟೋಪಿ, ಹೂವು, ಸಡಿಲವಾದ ರವಿಕೆಗಳ ಸುಂದರ ಕುರುಬತಿಯರನ್ನು ಬರೆದು ಹೆಸರಾದ. ೧೬೩೦ರ ಅವನ ಕುರುಬತಿಯ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ ಮ್ಯೂಸಿಯಮ್ಮಿನಲ್ಲಿದೆ. ನಗರದ ಸ್ತ್ರೀಯರು ಇದೇ ವೇಷದಲ್ಲಿ ತಮ್ಮ ಚಿತ್ರಗಳನ್ನು ಬರೆಸಿಕೊಳ್ಳತೊಡಗಿದರು.

ಮೂರನೆಯದು ಪುಸ್ತಕ. ಚೇಸರೆ ರೀಪಾ ಎಂಬ ಇಟಲಿಯ ವಿದ್ವಾಂಸ ೧೫೯೩ರಲ್ಲಿ ‘ಇಕನೊಲೊಜಿಯ’ ಎಂಬ ಕೋಶವನ್ನು ಪ್ರಕಟಿಸಿದ. ೧೬೦೩ರ ಆವೃತ್ತಿಗೆ ಚಿತ್ರಗಳು ಸೇರಿದವು. ಸತ್ಯ, ಶ್ರದ್ಧೆ, ದಾನ, ಇತಿಹಾಸ ಮೊದಲಾದ ಅಮೂರ್ತ ಭಾವಗಳನ್ನು ಯಾವ ರೂಪದಲ್ಲಿ, ಯಾವ ಲಾಂಛನಗಳೊಡನೆ ಚಿತ್ರಿಸಬೇಕೆಂಬುದಕ್ಕೆ ಅದು ಕೈಪಿಡಿ. ಡಿರ್ಕ್ ಪೀಟರ್ಸ್ ಪೆರ್ಸ್ ೧೬೪೪ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದನ್ನು ಡಚ್ ಭಾಷೆಗೆ ತಂದ ಮೇಲೆ ಲಾಂಛನಗಳ ಈ ಭಂಡಾರ ಪ್ರತಿಯೊಬ್ಬ ಚಿತ್ರಕಾರನಿಗೂ ಎಟುಕುವಂತಾಯಿತು. ವರ್ಮೀರನ ಮೇಲೆ ಹೇಳಿದ ಎರಡು ಚಿತ್ರಗಳೂ ಈ ಕೋಶಕ್ಕೆ ಋಣಿಯಾಗಿವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವೇಷದ ಅರ್ಥ ಎಂದಿಗೂ ಏಕಮುಖವಾಗಿರಲಿಲ್ಲ. ಕ್ರಿಸ್ಪೈನ್ ಡ ಪಾಸ್ ಎಂಬ ಕೆತ್ತನೆಗಾರ ೧೬೩೧ರ ಸುಮಾರಿಗೆ ತನ್ನ ಕಾಲದ ಸುಂದರ ವೇಶ್ಯಾಸ್ತ್ರೀಯರ ಕನ್ನಡಿಯೆಂಬ ಅರ್ಥದ ಹೆಸರಿನ ಪುಸ್ತಕವನ್ನು ಹೊರತಂದ. ೧೬೪೦ರಲ್ಲಿ ಅವನೇ ಕ್ರೈಸ್ತಜಗತ್ತಿನ ಮಹಾಕುಲೀನ ಸ್ತ್ರೀಯರನ್ನು ಕುರುಬತಿಯರ ವೇಷದಲ್ಲಿ ತೋರಿಸುವ ಮತ್ತೊಂದು ಪುಸ್ತಕವನ್ನು ಪ್ರಕಟಿಸಿದ. ಕುರುಬತಿಯ ಹುಲ್ಲುಟೋಪಿ ಮುಗ್ಧತೆಯ ಗುರುತಾಗಿದ್ದಂತೆ ಶೃಂಗಾರದ ಆಹ್ವಾನವೂ ಆಗಬಹುದಿತ್ತು. ಆದುದರಿಂದ ಕೋಶವನ್ನು ಬಿಚ್ಚಿ ಲಾಂಛನದ ಅರ್ಥವನ್ನು ನೋಡಿದ ಮಾತ್ರಕ್ಕೆ ಚಿತ್ರದ ಅರ್ಥ ಕೈಗೆ ಸಿಕ್ಕಿತೆಂದು ಭಾವಿಸುವಂತಿಲ್ಲ. ಲಾಂಛನವು ಸಾಧ್ಯತೆಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಒಂದನ್ನು ನಿಶ್ಚಯಿಸುವುದು ಮುಖ.

೪

ಈ ಮಾತಿಗೆ ಶ್ರೇಷ್ಠವಾದ ನಿದರ್ಶನ ರೆಂಬ್ರಾಂಟನ ಸಾಸ್ಕಿಯಾ ಚಿತ್ರಗಳು. ಸಾಸ್ಕಿಯಾ ಫಾನ್ ಅಯ್ಲೆನ್‌ಬರ್ಗ್ ಫ್ರೀಸ್‌ಲೆಂಡಿನ ಲೇವಾರ್ಡನ್ ನಗರದ ಗಣ್ಯ ಕುಟುಂಬದವಳು. ರೆಂಬ್ರಾಂಟ್ ಆಕೆಯನ್ನು ಮದುವೆಯಾದುದು ೧೬೩೪ರಲ್ಲಿ. ಅದೇ ವರ್ಷ ಆತ ಬರೆದ ‘ಫ್ಲೋರಾ’ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜಿನಲ್ಲಿದೆ. ತಲೆಯ ಮೇಲೆ ತುಂಬು ಹೂವಿನ ಕಿರೀಟ, ಕೈಯಲ್ಲಿ ಹೂಬಳ್ಳಿ ಸುತ್ತಿದ ಕೋಲು, ಮೈಮೇಲೆ ಕಸೂತಿಯಿಂದ ಭಾರವಾದ ಬಟ್ಟೆ. ಫ್ಲೋರಾ ಎಂದರೆ ರೋಮನರ ಪುಷ್ಪದೇವತೆ. ಓವಿಡ್ ಕವಿಯ ಪ್ರಕಾರ ಆಕೆ ಮೊದಲು ಕ್ಲೋರಿಸ್ ಎಂಬ ಅಪ್ಸರೆ. ಪಶ್ಚಿಮದ ಗಾಳಿ ಅವಳನ್ನು ಅಪಹರಿಸಿ ವರಿಸಿದ ಮೇಲೆ ಹೂವುಗಳ ಒಡತಿಯಾದಳು. ಆದರೆ ಲಾಕ್ಟಾನ್ಷಿಯಸ್ ಎಂಬ ಕ್ರೈಸ್ತ ಲೇಖಕ ಫ್ಲೋರಾ ಎಂಬುವಳು ದೇವತೆಯೇ ಅಲ್ಲ, ಸಂಪಾದಿಸಿದ ಹಣವನ್ನು ರೋಮಿನ ಜನಕ್ಕೆ ಬಿಟ್ಟುಹೋದ ಒಬ್ಬ ವೇಶ್ಯೆ ಎಂದು ಹೇಳಿದ. ಹೀಗೆ ಫ್ಲೋರಾಳ ಹೆಸರಿನಲ್ಲಿಯೇ ನವವಧುವಿನ ಫಲವಂತಿಕೆ, ಗಣಿಕೆಯ ವಿಲಾಸ ಎರಡೂ ಅಡಗಿದ್ದವು.

ಹರ್ಮಿಟೇಜಿನ ಚಿತ್ರದಲ್ಲಿ ಈ ದ್ವಂದ್ವವನ್ನು ಪರಿಹರಿಸುವುದು ಸಾಸ್ಕಿಯಾಳ ಮುಖಭಾವ. ಆಕೆಯ ದೇಹ ಪಕ್ಕಕ್ಕೆ ತಿರುಗಿದೆ. ಮುಖ ಮಾತ್ರ ನಮ್ಮತ್ತ ವಾಲಿದೆ. ಇಷ್ಟೊಂದು ಹೂವನ್ನು ಹೊತ್ತು ನಿಂತ ಸಂಕೋಚವೂ ನೋಡುತ್ತಿರುವವನಲ್ಲಿ ವಿಶ್ವಾಸವೂ ಆ ದೃಷ್ಟಿಯಲ್ಲಿ ಕೂಡಿವೆ. ದುಂಡು ಗಲ್ಲ, ಸಣ್ಣ ಕಣ್ಣುಗಳು ಯಾವ ಶಿಲ್ಪಶಾಸ್ತ್ರದ ಲಕ್ಷಣಕ್ಕೂ ಒಳಪಟ್ಟವಲ್ಲ. ರೆಂಬ್ರಾಂಟ್ ಅವನ್ನು ತಿದ್ದಲು ಹೋಗಿಲ್ಲ. ದೇವತೆ ಇಲ್ಲಿ ಸಾಸ್ಕಿಯಾಳ ಮಟ್ಟಕ್ಕೆ ಇಳಿದು ಬಂದಿದ್ದಾಳೆ. ಅದರಿಂದಲೇ ಆಕೆ ನಂಬಿಕೆಗೆ ಅರ್ಹಳಾಗಿದ್ದಾಳೆ.

ಮರುವರ್ಷ, ೧೬೩೫ರಲ್ಲಿ ಬರೆದ ಮತ್ತೊಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇದನ್ನು ಫ್ಲೋರಾ ಎಂದು ಕರೆದವರೂ ಉಂಟು, ಕುರುಬತಿ ಎಂದವರೂ ಉಂಟು. ಕ್ಷಕಿರಣ ಪರೀಕ್ಷೆಯಿಂದ ಈ ಚಿತ್ರದ ವಿಷಯದಲ್ಲಿ ಒಂದು ಆಶ್ಚರ್ಯಕರವಾದ ಸಂಗತಿ ಹೊರಬಿದ್ದಿದೆ. ರೆಂಬ್ರಾಂಟ್ ಮೊದಲು ಬರೆಯಹೊರಟಿದ್ದುದು ಶತ್ರುಸೇನಾಪತಿ ಹೊಲೊಫರ್ನೆಸನ ಕಡಿದ ತಲೆಯೊಡನೆ ಇರುವ ಜೂಡಿತಳನ್ನು. ತನ್ನ ಊರನ್ನು ಉಳಿಸಲು ಕತ್ತಿ ಹಿಡಿದ ವೀರವಿಧವೆಯ ಮೇಲೆ ಬಣ್ಣ ಬಳಿದು ಹೂಗೊಂಚಲು ಹಿಡಿದ ವಸಂತದ ಸ್ತ್ರೀಯನ್ನು ಬರೆದಿದ್ದಾನೆ. ಒಂದೇ ಕ್ಯಾನ್ವಾಸಿನ ಮೇಲೆ ಜೂಡಿತಳೂ ಫ್ಲೋರಾಳೂ ನಿಲ್ಲಬಹುದಾದರೆ ಉಪಮಾನಗಳು ಬದಲಾಯಿಸಬಹುದಾದ ಉಡುಗೆಗಳು ಮಾತ್ರವಲ್ಲವೇ ಎಂದು ಕೇಳಬಹುದು. ಅಂತೂ ಉಪಮಾನವನ್ನು ಕೈಬಿಡುವ ಪ್ರಸಂಗ ಚಿತ್ರಕಾರನಿಗೆ ಬಂದಿತ್ತೆಂಬುದೇ ನಮಗೆ ಮುಖ್ಯ. ತುಂಬು ಮೈಯ, ಶಾಂತಮುಖದ ಈ ಸ್ತ್ರೀಗೆ ಕಡಿದ ತಲೆ ಒಗ್ಗದು, ಹೂವು ಒಗ್ಗುತ್ತದೆ. ಮುಗಿದ ಚಿತ್ರವನ್ನು ನೋಡಿದರೆ ಔಚಿತ್ಯದ ತೀರ್ಪು ಸರಿಯಾದ ಕಡೆಗೇ ಬಿದ್ದಿದೆ ಎನಿಸುತ್ತದೆ.

ಮೂರನೆಯದು ಡ್ರೆಸ್ಡನ್ನಿನಲ್ಲಿರುವ ೧೬೪೧ರ ಚಿತ್ರ. ನಡುವಣ ಏಳು ವರ್ಷಗಳಲ್ಲಿ ಆ ದಂಪತಿಗಳು ಮೊದಲ ಮಗನನ್ನೂ ಆಮೇಲೆ ಹುಟ್ಟಿದ ಮಕ್ಕಳನ್ನೂ ಕಳೆದುಕೊಂಡಿದ್ದರು. ಬದುಕುಳಿದ ಮಗ ಟೈಟಸ್ ಹುಟ್ಟಿದುದು ಅದೇ ವರ್ಷ. ಇಲ್ಲಿ ಹೂವಿನ ಕಿರೀಟವಿಲ್ಲ, ಕೋಲಿಲ್ಲ. ಒಂದು ಕೈಯನ್ನು ಎದೆಯ ಮೇಲಿಟ್ಟು, ಇನ್ನೊಂದರಿಂದ ಒಂದು ಕೆಂಪು ಹೂವನ್ನು ನಮ್ಮತ್ತ ನೀಡುತ್ತಿದ್ದಾಳೆ. ಆಮ್‌ಸ್ಟರ್‌ಡ್ಯಾಮಿನ ಅಲ್ಫೋನ್ಸೊ ಲೋಪೆಜನ ಸಂಗ್ರಹದಲ್ಲಿದ್ದ ಟಿಶಿಯನ್ನನ ‘ಫ್ಲೋರಾ’ದ ನೆನಪು ಈ ಭಂಗಿಯಲ್ಲಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುರಾಣದ ಸಲಕರಣೆಯೆಲ್ಲ ಸೊರಗಿ ಒಂದು ಹೂವಿಗೆ ಇಳಿದಿದೆ. ಆದರೂ ರೂಪಕ ಅಳಿದಿಲ್ಲ, ಇನ್ನಷ್ಟು ಸಾಂದ್ರವಾಗಿದೆ. ಮರುವರ್ಷ, ೧೬೪೨ರಲ್ಲಿ, ಸಾಸ್ಕಿಯಾ ತೀರಿಕೊಂಡಳು. ಆ ಸಂಗತಿಯನ್ನು ತಿಳಿದು ನೋಡಿದಾಗ ಹೂವನ್ನು ನೀಡುವ ಕೈ ನಮಗೆ ವಿದಾಯದ ಕೈಯಾಗಿ ಕಾಣುವುದು ಸಹಜ. ಆದರೆ ವಿಮರ್ಶಕನು ಎಚ್ಚರವಾಗಿರಬೇಕು: ಆ ಅರ್ಥ ನಾವು ಹಿಂದಿನಿಂದ ತಂದು ಸೇರಿಸಿದುದು. ಚಿತ್ರ ಹೇಳುವುದು ಕೊಡುವಿಕೆಯನ್ನು. ಅದು ತನ್ನಷ್ಟಕ್ಕೆ ಸಾಲುತ್ತದೆ.

೫

ರೆಂಬ್ರಾಂಟನದು ಮನೆಯೊಳಗಿನ ಚಿತ್ರ. ಆತ ಹೆಂಡತಿಯನ್ನು ತನಗಾಗಿ ಬರೆದ. ಹಣಕೊಟ್ಟು ಬರೆಸಿದ ಚಿತ್ರಗಳ ಸಮಸ್ಯೆ ಬೇರೆ. ರೆಂಬ್ರಾಂಟನ ಶಿಷ್ಯನಾದ ಫರ್ಡಿನಂಡ್ ಬೋಲ್ ೧೬೬೦ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಟ್ರಿಪ್ ಮನೆತನಕ್ಕಾಗಿ ಬರೆದ ಎರಡು ಚಿತ್ರಗಳನ್ನು ಇಲ್ಲಿ ಪರಿಶೀಲಿಸಬಹುದು. ಎರಡೂ ರೈಕ್ಸ್‌ ಮ್ಯೂಸಿಯಮ್ಮಿನಲ್ಲಿವೆ. ೧೬೬೩ರ ಒಂದರಲ್ಲಿ ಮಾರ್ಗರೀಟಾ ಟ್ರಿಪ್ ಮಿನರ್ವಳಾಗಿ ತನ್ನ ತಂಗಿ ಆನಾ ಮರಿಯಾಳಿಗೆ ಪಾಠ ಹೇಳುತ್ತಿದ್ದಾಳೆ. ಮತ್ತೊಂದರಲ್ಲಿ ಹೆಂಡ್ರಿಕ್ ಟ್ರಿಪ್ಪನ ಪತ್ನಿ ಯೊಹಾನಾ ಡ ಗೇರ್ ಇಬ್ಬರು ಮಕ್ಕಳೊಡನೆ ಕಾರಿತಾಸ್, ಎಂದರೆ ಪ್ರೇಮಪೂರ್ವಕವಾದ ದಾನ, ಎಂಬ ಗುಣದ ಮೂರ್ತಿಯಾಗಿದ್ದಾಳೆ.

ಈ ಕುಟುಂಬದ ಸಂಪತ್ತು ಬಂದುದು ಕಬ್ಬಿಣ, ಫಿರಂಗಿ, ಮದ್ದುಗುಂಡುಗಳ ವ್ಯಾಪಾರದಿಂದ. ಲೂಯಿ ಮತ್ತು ಹೆಂಡ್ರಿಕ್ ಟ್ರಿಪ್ ಸಹೋದರರಿಗಾಗಿ ೧೬೬೦ರಿಂದ ೧೬೬೨ರ ವರೆಗೆ ಯುಸ್ಟಸ್ ಫಿಂಗ್‌ಬೋನ್ಸ್ ಕಟ್ಟಿದ ಮಹಾಭವನದ ಹೊಗೆಕೊಳವೆಗಳು ಇಂದಿಗೂ ಮದ್ದಿನ ಕುಳಿಫಿರಂಗಿಗಳ ಆಕಾರದಲ್ಲಿವೆ. ಭವನದ ಮುಖಭಾಗದಲ್ಲಿ ಫಿರಂಗಿಗಳೊಡನೆ ಶಾಂತಿಯ ಆಲಿವ್ ಕೊಂಬೆಗಳನ್ನೂ ಕೆತ್ತಿದ್ದಾರೆ. ಫಿರಂಗಿ ಮಾರುವವರ ಮನೆಯಲ್ಲಿ ಮಿನರ್ವಳನ್ನು ಉಪಮಾನವಾಗಿ ಆರಿಸಿದುದು ಅರ್ಥಪೂರ್ಣವಾಗಿದೆ. ಮಿನರ್ವ ವಿದ್ಯೆಯ ದೇವತೆ. ಆಯುಧಧಾರಿಣಿಯಾದ ಯುದ್ಧದೇವತೆಯೂ ಹೌದು. ಮನೆಯ ವ್ಯಾಪಾರಕ್ಕೂ ಮನೆಯ ಹೆಣ್ಣುಮಕ್ಕಳ ಶಿಕ್ಷಣಕ್ಕೂ ಆಕೆ ಒಬ್ಬಳೇ ಗೌರವ ತರಬಲ್ಲಳು. ಯುದ್ಧದಿಂದ ಗಳಿಸಿದ ಮನೆಯ ಯಜಮಾನಿಯನ್ನು ಕಾರಿತಾಸಳಾಗಿ ಬರೆದುದರಲ್ಲಿಯೂ ಇಂಥದೇ ಒಂದು ಸಮಾಧಾನ ಕಾಣುತ್ತದೆ.

ಹಾಗಾದರೆ ಇವು ಬರಿಯ ಮರೆಮಾಚುವ ಪರದೆಗಳೇ? ಅಷ್ಟೇ ಎಂದರೆ ಅನ್ಯಾಯವಾದೀತು. ಆ ಕಾಲದ ಭಾವಚಿತ್ರದ ಸಾಮಾನ್ಯ ಭಾಷೆಯಲ್ಲಿ ಸ್ತ್ರೀಗೆ ದೊರೆಯುತ್ತಿದ್ದ ಪಾತ್ರ ಬಹಳ ಕಿರಿದು: ಗಂಡನ ಚಿತ್ರಕ್ಕೆ ಜೊತೆಯಾಗಿ ತೂಗುವ, ಕಪ್ಪು ಬಟ್ಟೆಯ, ಬಿಳಿಯ ಕೊರಳಪಟ್ಟಿಯ ಗೃಹಿಣಿ. ಪುರುಷರು ನಗರರಕ್ಷಕ ದಳದವರಾಗಿ, ಕಸುಬಿನ ಸಂಘಗಳ ಮುಖ್ಯಸ್ಥರಾಗಿ, ತಮ್ಮ ಹುದ್ದೆಯಲ್ಲಿಯೇ ಚಿತ್ರಿತರಾಗುತ್ತಿದ್ದರು. ಹಾರ್ಲೆಮಿನ ವೃದ್ಧಾಶ್ರಮದ ಮೇಲ್ವಿಚಾರಕಿಯರನ್ನು ಫ್ರಾನ್ಸ್ ಹಾಲ್ಸ್ ೧೬೬೪ರಲ್ಲಿ ಬರೆದಂಥ ಚಿತ್ರಗಳು ಸ್ತ್ರೀಯರ ಸಾರ್ವಜನಿಕ ಕಾರ್ಯಕ್ಕೆ ಸಾಕ್ಷಿಯಾದರೂ ಅಂಥ ಅವಕಾಶ ಪಡೆದವರು ಕೆಲವರು ಮಾತ್ರ. ಅಕ್ಕನೊಬ್ಬಳು ತಂಗಿಗೆ ಗುರುವಾಗಿರುವುದನ್ನು ದೊಡ್ಡ ಅಳತೆಯಲ್ಲಿ, ಗೌರವದಿಂದ ತೋರಿಸಲು ಬೋಲನಿಗೆ ಮಿನರ್ವಳ ನೆರವು ಬೇಕಾಯಿತು. ವೇಷವು ಇಲ್ಲಿ ಬಾಯಿ ಮುಚ್ಚಿಸಿದಂತೆಯೇ ಮಾತನ್ನೂ ಕೊಟ್ಟಿದೆ. ಆದರೆ ಆ ಮಾತು ಪುರುಷರು ಬರೆದ ಕೋಶದಿಂದ ಆಯ್ದ ಮಾತು. ಫ್ಲೋರಾ, ಡಯಾನ, ಮಿನರ್ವ, ಕಾರಿತಾಸ್, ಕುರುಬತಿ ಎಂಬ ಕೆಲವೇ ಪಾತ್ರಗಳಲ್ಲಿ ಒಂದನ್ನು ಉಟ್ಟುಕೊಂಡರೆ ಮಾತ್ರ ಅವಳಿಗೆ ಈ ವೇದಿಕೆ. ಲಾಭ, ಮಿತಿ ಎರಡನ್ನೂ ಒಟ್ಟಿಗೆ ಹೇಳದ ವಿಮರ್ಶೆ ಅಪೂರ್ಣ.

ಬೋಲನ ಚಿತ್ರಗಳ ದೌರ್ಬಲ್ಯವಿರುವುದು ಬೇರೆಡೆ. ಅವನ ಬಣ್ಣಗಾರಿಕೆ ಹೊಳೆಯುತ್ತದೆ, ಬಟ್ಟೆಗಳು ಮಿಂಚುತ್ತವೆ. ಆದರೆ ಮುಖ ವೇಷಕ್ಕೆ ಉತ್ತರ ಕೊಡುವುದಿಲ್ಲ. ಉಪಮೇಯ, ಉಪಮಾನಗಳು ಪಕ್ಕಪಕ್ಕದಲ್ಲಿವೆ, ಅಭೇದ ಸಿದ್ಧಿಸಿಲ್ಲ.

೬

ಅಭೇದ ಸಿದ್ಧಿಸಿದ, ಅದೂ ಅತ್ಯಂತ ಅನಿರೀಕ್ಷಿತವಾದ ಉಪಮಾನದಲ್ಲಿ ಸಿದ್ಧಿಸಿದ ಕೃತಿಗಳೆಂದರೆ ಹಾರ್ಲೆಮಿನ ಯಾನ್ ಡ ಬ್ರಾಯ್ ಬರೆದ ‘ಕ್ಲಿಯೋಪಾತ್ರಳ ಔತಣ’ದ ಎರಡು ಚಿತ್ರಗಳು. ೧೬೫೨ರದು ಇಂಗ್ಲೆಂಡಿನ ರಾಜಸಂಗ್ರಹದಲ್ಲಿಯೂ ೧೬೬೯ರದು ಅಮೆರಿಕದ ಮ್ಯಾಂಚೆಸ್ಟರ್ ನಗರದ ಕರಿಯರ್ ಮ್ಯೂಸಿಯಮ್ಮಿನಲ್ಲಿಯೂ ಇವೆ. ಅತ್ಯಂತ ಬೆಲೆಬಾಳುವ ಔತಣವನ್ನು ತಾನು ನೀಡಬಲ್ಲೆನೆಂದು ಆಂಟನಿಯೊಡನೆ ಪಂತ ಕಟ್ಟಿದ ಕ್ಲಿಯೋಪಾತ್ರ, ಮುತ್ತೊಂದನ್ನು ಹುಳಿಯಲ್ಲಿ ಕರಗಿಸಿ ಕುಡಿದ ಕಥೆಯನ್ನು ಪ್ಲಿನಿ ಹೇಳಿದ್ದಾನೆ. ಡ ಬ್ರಾಯನ ಚಿತ್ರದಲ್ಲಿ ಆಂಟನಿಯಾಗಿರುವವನು ಅವನ ತಂದೆ, ಚಿತ್ರಕಾರನಾದ ಸಾಲೊಮನ್; ಕ್ಲಿಯೋಪಾತ್ರಳಾಗಿರುವವಳು ತಾಯಿ ಆನಾ ವೆಸ್ಟರ್‌ಬಾನ್; ಸುತ್ತಲಿರುವವರು ಅವರ ಮಕ್ಕಳು.

ಗೌರವಸ್ಥಳಾದ, ಮಕ್ಕಳೊಂದಿಗಳಾದ ತಾಯಿಯನ್ನು ಮಗನೇ ಕ್ಲಿಯೋಪಾತ್ರಳನ್ನಾಗಿ ಬರೆಯುವುದೆಂದರೇನು? ಕ್ಲಿಯೋಪಾತ್ರಳೆಂದರೆ ದುಂದು, ಮೋಹ, ರಾಜ್ಯನಾಶಗಳ ಹೆಸರಲ್ಲವೆ? ಇಲ್ಲಿಯೂ ನಮಗೆ ನೆರವಾಗುವುದು ಅಲಂಕಾರಶಾಸ್ತ್ರದ ಒಂದು ಸಾಮಾನ್ಯ ವಿಚಾರ. ಮುಖವನ್ನು ಚಂದ್ರನೆಂದಾಗ ಚಂದ್ರನ ಕಲಂಕವನ್ನು ಯಾರೂ ಮುಖಕ್ಕೆ ಆರೋಪಿಸುವುದಿಲ್ಲ. ಸಾಧಾರಣಧರ್ಮ ಯಾವುದೆಂಬುದನ್ನು ಸಂದರ್ಭ ನಿಶ್ಚಯಿಸುತ್ತದೆ. ಈ ಚಿತ್ರದಲ್ಲಿ ಸಂದರ್ಭವೆಂದರೆ ಮಕ್ಕಳು. ಅವರು ಸುತ್ತಲೂ ನೆರೆದಿರುವುದರಿಂದ ಇದು ಪ್ರಣಯಿಗಳ ಏಕಾಂತವಾಗಿ ಉಳಿಯದೆ ಮನೆಯ ಊಟದ ಮೇಜಾಗಿದೆ. ಅಮೂಲ್ಯವಾದುದನ್ನು ಹಿಂದುಮುಂದು ನೋಡದೆ ವೆಚ್ಚಮಾಡಬಲ್ಲ ಔದಾರ್ಯ, ಗಂಡನೊಡನೆ ಸರಿಸಮವಾಗಿ ಪಂತ ಕಟ್ಟಬಲ್ಲ ಧೈರ್ಯ ಇವಿಷ್ಟೇ ಕ್ಲಿಯೋಪಾತ್ರಳಿಂದ ತಾಯಿಗೆ ಬಂದಿರುವ ಗುಣಗಳು. ಉಳಿದ ಕಲಂಕ ಅಲ್ಲಿಯೇ ನಿಲ್ಲುತ್ತದೆ.

ಎರಡನೆಯ ಚಿತ್ರವನ್ನು ಬರೆಯುವ ವೇಳೆಗೆ ಈ ಅರ್ಥ ಇನ್ನೂ ಆಳವಾಗಿತ್ತು. ೧೬೬೩ ಮತ್ತು ೧೬೬೪ರಲ್ಲಿ ಹಾರ್ಲೆಮಿಗೆ ಬಂದ ಪ್ಲೇಗು ಯಾನನ ತಂದೆ ತಾಯಿಗಳನ್ನೂ ಹಲವು ಮಂದಿ ಒಡಹುಟ್ಟಿದವರನ್ನೂ ಕೊಂಡೊಯ್ದಿತ್ತು. ೧೬೬೯ರಲ್ಲಿ ಆತ ಮತ್ತೆ ಅದೇ ಔತಣವನ್ನು ಬರೆದ. ಸತ್ತವರನ್ನು ಅದೇ ಮೇಜಿನ ಸುತ್ತ ಮತ್ತೆ ಕೂರಿಸಿದ. ವಾಸ್ತವವಾದಿಯಾದ ಭಾವಚಿತ್ರ ಇದನ್ನು ಮಾಡಲಾರದಿತ್ತು. ಆ ಮೇಜು, ಆ ಮನೆ ಇಲ್ಲವಾಗಿದ್ದವು. ಕಥೆಯ ಮೇಜಾದರೋ ಎಂದಿಗೂ ಇರುವಂಥದು. ಕರಗಿದರೂ ನೆನಪಿನಲ್ಲಿ ಉಳಿದ ಮುತ್ತಿನ ಕಥೆಗಿಂತ ಹೆಚ್ಚು ತಕ್ಕ ಉಪಮಾನ ಈ ಮಗನಿಗೆ ಸಿಗುವುದು ಕಷ್ಟವಿತ್ತು. ಮುಖಸ್ತುತಿಯ ಆಕ್ಷೇಪಣೆಗೆ ಇದೊಂದು ಚಿತ್ರ ಸಾಕಾದಷ್ಟು ಉತ್ತರ: ಸತ್ತವರನ್ನು ಸ್ತುತಿಸಿ ಮಗ ಪಡೆಯುವ ಸಂಭಾವನೆ ಯಾವುದು?

೭

ಡಚ್ ಕಲೆಯನ್ನು ಕುರಿತು ಕಳೆದ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಚರ್ಚೆಯೊಂದು ನಡೆಯಿತು. ನಿತ್ಯಜೀವನದ ಚಿತ್ರಗಳಲ್ಲಿಯೂ ನೀತಿಬೋಧೆಯ ಗುಪ್ತಾರ್ಥಗಳಿವೆಯೆಂದು ಎಡಿ ಡ ಯಾಂಗ್ ಮತ್ತು ಅವರ ಸಂಗಡಿಗರು ವಾದಿಸಿದರು. ೧೯೭೬ರಲ್ಲಿ ರೈಕ್ಸ್‌ ಮ್ಯೂಸಿಯಮ್ಮಿನಲ್ಲಿ ನಡೆದ ಪ್ರದರ್ಶನ ಈ ವಾದಕ್ಕೆ ಪ್ರಸಿದ್ಧಿಯನ್ನು ತಂದಿತು. ಇದಕ್ಕೆ ಪ್ರತಿಯಾಗಿ ಸ್ವೆಟ್ಲಾನಾ ಆಲ್ಪರ್ಸ್ ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡಚ್ ಕಲೆಯ ಹಿರಿಮೆ ಅರ್ಥವನ್ನು ಅಡಗಿಸುವುದರಲ್ಲಿಲ್ಲ, ಲೋಕವನ್ನು ವರ್ಣಿಸುವುದರಲ್ಲಿದೆ ಎಂದರು. ನಮ್ಮ ರೂಪಕಭಾವಚಿತ್ರಗಳು ಈ ಎರಡು ಪಕ್ಷಗಳ ನಡುವೆ ನಿಂತು ಎರಡನ್ನೂ ಪರೀಕ್ಷಿಸುತ್ತವೆ. ಇಲ್ಲಿ ಅರ್ಥ ಗುಪ್ತವಾಗಿಲ್ಲ. ಹೂವಿನ ಕಿರೀಟವಾಗಿ, ಮುತ್ತಾಗಿ ಎದುರಿಗೇ ಇದೆ. ವರ್ಣನೆಯೂ ಕುಂದಿಲ್ಲ, ಸಾಸ್ಕಿಯಾಳ ಗಲ್ಲ ಸಾಸ್ಕಿಯಾಳದೇ. ಅರ್ಥಕ್ಕೂ ವರ್ಣನೆಗೂ ವಿರೋಧವಿಲ್ಲದ ಒಂದು ನೆಲೆ ಡಚ್ ಕಲೆಯಲ್ಲಿತ್ತೆಂಬುದಕ್ಕೆ ಇವೇ ಸಾಕ್ಷಿ.

ಆದುದರಿಂದ ಇವುಗಳ ತಾರತಮ್ಯವನ್ನು ನಿರ್ಣಯಿಸುವಾಗ ವೇಷದ ವೈಭವವನ್ನಾಗಲಿ, ಲಾಂಛನಗಳ ಪಾಂಡಿತ್ಯವನ್ನಾಗಲಿ, ಹೋಲಿಕೆಯ ನಿಖರತೆಯನ್ನಾಗಲಿ ಒಂಟಿಯಾಗಿ ಪ್ರಮಾಣವೆಂದು ಹಿಡಿಯಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಎರವಲಾಗಿ ಬಂದ ಹೆಸರಿಗೆ ಈ ಮುಖ ತನ್ನದಾದ ಏನನ್ನು ಮರಳಿ ಕೊಟ್ಟಿದೆ? ಏನನ್ನೂ ಕೊಡದಿದ್ದರೆ ಅದು ವೇಷ. ಮೋರೇಲ್ಸನ ಅನುಕರಣೆಯಲ್ಲಿ ಹುಟ್ಟಿದ ಎಷ್ಟೋ ಕುರುಬತಿಯರು ಹೀಗೆ ವೇಷಗಳಾಗಿಯೇ ಉಳಿದಿದ್ದಾರೆ. ಸಾಸ್ಕಿಯಾ ಫ್ಲೋರಾಳಿಗೆ ಸಂಕೋಚವನ್ನು ಕೊಟ್ಟಳು. ಆನಾ ವೆಸ್ಟರ್‌ಬಾನ್ ಕ್ಲಿಯೋಪಾತ್ರಳಿಗೆ ಮಕ್ಕಳನ್ನು ಕೊಟ್ಟಳು. ಓವಿಡನಲ್ಲಿಯೂ ಪ್ಲಿನಿಯಲ್ಲಿಯೂ ಇಲ್ಲದ ಈ ಗುಣಗಳು ಆ ಹಳೆಯ ಹೆಸರುಗಳಿಗೆ ಹಾಲೆಂಡಿನ ಇಬ್ಬರು ಗೃಹಿಣಿಯರಿಂದ ಬಂದವು.